ಹಳೆಯ ಜೀಪಿನ ಬಿರುಕುಬಿಟ್ಟ ಸ್ಟೇರಿಂಗ್: ಹೊಸದನ್ನು ಹಾಕುವುದೋ, ಇದನ್ನೇ ಉಳಿಸಿಕೊಳ್ಳುವುದೋ?

ಕೊಪ್ಪದ ತೋಟಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1968ರ ಮಹೀಂದ್ರ ಸಿಜೆ-3ಬಿ ಜೀಪು ಇದೆ. ಎಡಗಡೆ ಸ್ಟೇರಿಂಗಿನ ಗಾಡಿ. ನಮ್ಮ ಅಜ್ಜ 1974ರಲ್ಲಿ ಅದನ್ನು ಇನ್ನೊಬ್ಬ ತೋಟದವರಿಂದ ಕೊಂಡರು. ಮೂವತ್ತೈದು ವರ್ಷ ಅಡಿಕೆ, ಕಾಫಿ, ಗೊಬ್ಬರ, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸರು ಎಲ್ಲರನ್ನೂ ಎಲ್ಲವನ್ನೂ ಹೊತ್ತು 2009ರಿಂದ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. ಕಳೆದ ವರ್ಷ ಎಂಜಿನ್, ಬ್ರೇಕು, ವೈರಿಂಗ್ ಮಾಡಿಸಿದ್ದೇನೆ. ಈಗ ಉಳಿದಿರುವುದು ಸ್ಟೇರಿಂಗ್ ಚಕ್ರ.

ಅದರ ಮೇಲೆ ಯಾವ ಕಾಲದಲ್ಲೋ ಹೊಲಿಸಿದ್ದ ರೆಕ್ಸಿನ್ ಕವರನ್ನು ಬಿಚ್ಚಿದಾಗ ಒಳಗೆ ಬೆಲ್ಲದ ಪಾಕದಂತೆ ಅಂಟು ಹಿಡಿದಿತ್ತು. ಕವರು ಮುಚ್ಚದ ಭಾಗ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಒಟ್ಟು ಆರು ಬಿರುಕುಗಳಿವೆ. ಮೂರು ಕಡ್ಡಿಗಳು ರಿಮ್ಮಿಗೆ ಸೇರುವ ಜಾಗದಲ್ಲಿಯೇ ನಾಲ್ಕು, ಉಳಿದೆರಡು ಮೇಲ್ಭಾಗದಲ್ಲಿ. ಒಂದು ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯದ ಅಂಚು ಕೂರುತ್ತದೆ ಮತ್ತು ಅದರೊಳಗೆ ತುಕ್ಕು ಕಾಣುತ್ತದೆ. ಮೂಲೆಯೊಂದನ್ನು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿದೆ. ಆ ಜಾಗ ಹೊಳಪು ಕಳೆದುಕೊಂಡು ಇನ್ನಷ್ಟು ಅಂಟಾಯಿತು.

ಮೆಕ್ಯಾನಿಕ್ಕು "ಹೊಸದು ತರಿಸಿ, ಅರ್ಧ ಗಂಟೆಯ ಕೆಲಸ" ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಇದನ್ನು ಶುಚಿಗೊಳಿಸುವುದು ಹೇಗೆ, ಬಿರುಕು ತುಂಬುವುದು ಹೇಗೆ, ಹಾಗೆ ತುಂಬಿದ ಚಕ್ರವನ್ನು ನಂಬಿ ಘಾಟಿಯಲ್ಲಿ ಓಡಿಸಬಹುದೇ? ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಯಶವಂತಪುರ 560022

ಹೊಸದನ್ನು ಹಾಕಿ ಎಂಬುದೇ ನನ್ನ ಅಭಿಪ್ರಾಯವೂ ಹೌದು. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದರೆ ಈ ಜೀಪಿಗೆ ಹೊಂದುವ ಚಕ್ರ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಹಣ ನಿಮಗೆ ಪುಟ್ಟಿ, ಬಣ್ಣ, ಎಮರಿ ಕಾಗದಕ್ಕೇ ಖರ್ಚಾಗುತ್ತದೆ, ಜೊತೆಗೆ ಒಂದು ತಿಂಗಳ ಭಾನುವಾರಗಳೂ ಹೋಗುತ್ತವೆ. ಸ್ಟೇರಿಂಗ್ ಎಂಬುದು ಅಲಂಕಾರದ ವಸ್ತುವಲ್ಲ, ಜೀವ ಹಿಡಿದುಕೊಳ್ಳುವ ವಸ್ತು.

ಅಂಬಾಸಿಡರ್ ಮಾರ್ಕ್ 2

ಹಿಂದಿನವರ ಮಾತನ್ನು ನಾನು ಒಪ್ಪುವುದಿಲ್ಲ. ಈಗ ಸಿಗುವ ಚಕ್ರಗಳಲ್ಲಿ ರಿಮ್ಮಿನ ದಪ್ಪ ಬೇರೆ, ಕಡ್ಡಿಗಳ ಬಾಗು ಬೇರೆ. ಹಳೆಯ ಗಾಡಿಯಲ್ಲಿ ಕುಳಿತವರ ಕೈಗೆ ಮೊದಲು ಸಿಗುವುದೇ ಆ ಚಕ್ರ, ಅದು ಪರಕೀಯವಾದರೆ ಇಡೀ ಗಾಡಿ ಪರಕೀಯವಾಗುತ್ತದೆ. ಜೀವದ ಪ್ರಶ್ನೆ ಒಳಗಿನ ಉಕ್ಕಿನ ಬಳೆಗೆ ಸಂಬಂಧಿಸಿದ್ದು, ಮೇಲಿನ ಕಪ್ಪು ಹೊದಿಕೆಗಲ್ಲ. ಉಕ್ಕು ಗಟ್ಟಿಯಿದ್ದರೆ ಹೊದಿಕೆಯನ್ನು ಖಂಡಿತ ದುರಸ್ತಿ ಮಾಡಬಹುದು. ನನ್ನ ಅಂಬಾಸಿಡರಿನದನ್ನು ನಾನೇ ಮಾಡಿದ್ದೇನೆ, ಸಂಜೆ ವಿವರವಾಗಿ ಬರೆಯುತ್ತೇನೆ.

ರಸಾಯನದ ಮೇಷ್ಟ್ರು

ದಯವಿಟ್ಟು ಇನ್ನು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಯಾವುದನ್ನೂ ಮುಟ್ಟಿಸಬೇಡಿ. ಮೊದಲು ಆ ಹೊದಿಕೆ ಯಾವ ವಸ್ತು ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ.

ಹಳೆಯ ಸ್ಟೇರಿಂಗುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ: ಗಟ್ಟಿ ರಬ್ಬರು ಅಂದರೆ ಎಬೊನೈಟ್, ಸೆಲ್ಯುಲೋಸಿನಿಂದ ಮಾಡಿದ ಪ್ಲಾಸ್ಟಿಕ್ಕುಗಳು ಮತ್ತು ಬೇಕಲೈಟ್. ಪ್ರಯೋಗಶಾಲೆಯಿಲ್ಲದೆ ಪರೀಕ್ಷಿಸುವ ಸುಲಭ ದಾರಿ ಎಂದರೆ ಮೂಗು. ಕಾಣದ ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಒಂದು ನಿಮಿಷ ಬಿಸಿಯೇರುವಂತೆ ಉಜ್ಜಿ, ಕೂಡಲೇ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಎಬೊನೈಟ್, ವಿನೆಗರಿನ ಹುಳಿ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್, ಕಾರ್ಬಾಲಿಕ್ ಸೋಪಿನ ವಾಸನೆ ಬಂದರೆ ಬೇಕಲೈಟ್.

ಕಂದು ಬಣ್ಣ ಬಂದಿದೆ ಎಂದಿರುವುದರಿಂದ ನಿಮ್ಮದು ಎಬೊನೈಟ್ ಇರಬಹುದೆಂದು ನನ್ನ ಊಹೆ. ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ ಬೇಯಿಸಿದಾಗ ಅದು ಮರದಂತೆ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದಾಗ ಮೇಲ್ಪದರದ ಗಂಧಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ, ತೇವ ಸಿಕ್ಕಾಗ ಗಂಧಕಾಮ್ಲದ ತೆಳುವಾದ ಪದರವಾಗುತ್ತದೆ. ನಿಮ್ಮ ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ. ಬಿರುಕಿನೊಳಗಿನ ಉಕ್ಕು ಅಷ್ಟು ಬೇಗ ತುಕ್ಕು ಹಿಡಿಯುವುದಕ್ಕೆ ಮಳೆನೀರಿನ ಜೊತೆಗೆ ಈ ಆಮ್ಲವೂ ಕಾರಣ.

ಇನ್ನು ಬಿರುಕಿನ ವಿಚಾರ. ಎಬೊನೈಟ್ ಬಿಸಿಗೆ ಉಕ್ಕಿಗಿಂತ ಸುಮಾರು ಆರು ಪಟ್ಟು ಹೆಚ್ಚು ಹಿಗ್ಗುತ್ತದೆ, ಚಳಿಗೆ ಅಷ್ಟೇ ಹೆಚ್ಚು ಕುಗ್ಗುತ್ತದೆ. ಒಳಗಿನ ಉಕ್ಕಿನ ಬಳೆ ಕುಗ್ಗಲು ಬಿಡುವುದಿಲ್ಲ. ಹೊಸದಾಗಿದ್ದಾಗ ಹೊದಿಕೆಗೆ ಆ ಎಳೆತವನ್ನು ತಾಳುವ ಶಕ್ತಿ ಇರುತ್ತದೆ, ವಯಸ್ಸಾಗಿ ಪೆಡಸಾದ ಮೇಲೆ ಸೀಳುತ್ತದೆ. ಕಡ್ಡಿಗಳು ಸೇರುವ ಜಾಗದಲ್ಲಿ ಹೊದಿಕೆ ಎತ್ತಲೂ ಜಾರಲಾಗದೆ ಸಿಕ್ಕಿಕೊಂಡಿರುವುದರಿಂದ ಸೀಳು ಅಲ್ಲಿಂದಲೇ ಆರಂಭವಾಗುತ್ತದೆ. ನಿಮ್ಮ ಆರರಲ್ಲಿ ನಾಲ್ಕು ಬಿರುಕುಗಳು ಅಲ್ಲಿಯೇ ಇರುವುದು ಇದಕ್ಕೇ.

ಕೊಪ್ಪದ ತೋಟಗಾರ

ಮೇಷ್ಟ್ರೇ, ಈಗ ತಾನೇ ಉಜ್ಜಿ ನೋಡಿ ಬಂದೆ. ದೀಪಾವಳಿಯ ಮತಾಪಿನ ಪೆಟ್ಟಿಗೆ ತೆರೆದಾಗ ಬರುವಂಥ ವಾಸನೆ ಬಂತು. ಎಬೊನೈಟೇ ಇರಬೇಕು.

ಧಾರವಾಡದ ಪದ್ಮಿನಿ

ಶುಚಿ ಮಾಡುವುದಕ್ಕೆ ನನ್ನ ಅನುಭವ ಹೇಳುತ್ತೇನೆ. ನಮ್ಮ ತಂದೆಯವರ 1976ರ ಪ್ರೀಮಿಯರ್ ಪದ್ಮಿನಿಯ ಚಕ್ರದ ಮೇಲೆ ಕೈಬೆವರು, ಎಣ್ಣೆ, ಧೂಳು ಸೇರಿ ಮೇಣದಂಥ ಪದರ ಕಟ್ಟಿತ್ತು. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಆ ನೊರೆ ನೀರಿನಲ್ಲಿ ಚಕ್ರವನ್ನೇ ಮುಳುಗಿಸಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ರೇಷ್ಮೆ ಸೀರೆಗೆ ಒಗ್ಗುವುದು ಸ್ಟೇರಿಂಗಿಗೂ ಒಗ್ಗಿತು. ಎರಡೇ ಸಲಕ್ಕೆ ಮೂಲ ಬಣ್ಣ ಕಾಣಿಸಿತು. ಹೊಳಪೂ ಹೋಗಲಿಲ್ಲ, ಮೈಯೂ ತರಚಲಿಲ್ಲ.

ರಸಾಯನದ ಮೇಷ್ಟ್ರು

ತಾಯಿ, ನಿಮ್ಮ ಪದ್ಧತಿ ಒಳ್ಳೆಯದೇ. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಬಹಳ ಮೃದುವಾಗಿ ಜಿಡ್ಡನ್ನು ಬಿಡಿಸುತ್ತದೆ. ಆದರೆ ನಿಮ್ಮ ಪದ್ಮಿನಿಯದು ಪ್ಲಾಸ್ಟಿಕ್, ಇವರದು ಎಬೊನೈಟ್. ಎಬೊನೈಟನ್ನು ನೀರಿನಲ್ಲಿ ಮುಳುಗಿಸಿಡಬಾರದು, ಬಿಸಿನೀರಂತೂ ಕೂಡದು. ಕಪ್ಪು ಇದ್ದ ಜಾಗವೂ ಹಸಿರುಗಂದಾಗಿ ಬಿಡುತ್ತದೆ. ಹಳೆಯ ಎಬೊನೈಟ್ ಪೆನ್ನುಗಳನ್ನು ತೊಳೆದು ಕೆಡಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಅಂಟುವಾಳದ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಬಲವಾಗಿ ಹಿಂಡಿ, ಅಂಗೈ ಅಗಲದಷ್ಟು ಜಾಗವನ್ನು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ ಮುಂದೆ ಹೋಗಬೇಕು.

ಧಾರವಾಡದ ಪದ್ಮಿನಿ

ಸರಿ ಮೇಷ್ಟ್ರೇ, ಆ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ಹಾಗಾದರೆ ರೆಕ್ಸಿನ್ನಿನ ಅಂಟು ಅಷ್ಟಕ್ಕೇ ಹೋಗುತ್ತದೆಯೇ?

ಸೀಟ್ ಹೊಲಿಗೆಯವರು, ದಾವಣಗೆರೆ

ಆ ಅಂಟು ಹೊದಿಕೆಯದಲ್ಲ, ರೆಕ್ಸಿನ್ನಿನದು. ರೆಕ್ಸಿನ್ನನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಗೆ ಒಸರಿ ಕೆಳಗಿನ ಮೈಗೆ ಇಳಿಯುತ್ತದೆ. ನಮ್ಮ ಅಂಗಡಿಗೆ ಬರುವ ಹಳೆಯ ಚಕ್ರಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಇರುತ್ತವೆ. ಮೊದಲು ಮರದ ಚಮಚದ ಅಂಚಿನಿಂದಲೋ ಹಳೆಯ ಎಟಿಎಂ ಕಾರ್ಡಿನಿಂದಲೋ ಕೆರೆದು ತೆಗೆಯಿರಿ, ಕಬ್ಬಿಣದ ಬ್ಲೇಡು ಬೇಡ. ಉಳಿದದ್ದಕ್ಕೆ ಗೋಧಿ ಹಿಟ್ಟನ್ನು ಉದುರಿಸಿ ಒಣ ಬಟ್ಟೆಯಿಂದ ಉಜ್ಜಿದರೆ ಅಂಟು ಹಿಟ್ಟಿಗೆ ಹತ್ತಿ ಉಂಡೆ ಉಂಡೆಯಾಗಿ ಬರುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟನ್ನು ಹತ್ತಿಗೆ ಸ್ವಲ್ಪವೇ ಹಾಕಿ ಒಮ್ಮೆ ಸವರಿದರೆ ಸಾಕು. ಸ್ಪಿರಿಟನ್ನು ಸುರಿದು ನೆನೆಸಬೇಡಿ.

ಯಶವಂತಪುರ 560022

ಇಷ್ಟೆಲ್ಲ ಏಕೆ? ಹೊಲಿಗೆಯವರೇ ಇಲ್ಲಿದ್ದಾರಲ್ಲ, ಬಿರುಕುಗಳ ಮೇಲೆ ಒಳ್ಳೆಯ ಚರ್ಮ ಹೊಲಿಸಿ ಬಿಟ್ಟರೆ ಕೆಲಸ ಮುಗಿಯಿತು.

ಸೀಟ್ ಹೊಲಿಗೆಯವರು, ದಾವಣಗೆರೆ

ಹೊಲಿದು ಕೊಟ್ಟರೆ ನನಗೆ ಸಂಪಾದನೆ. ಆದರೂ ಬೇಡವೆಂದೇ ಹೇಳುತ್ತೇನೆ. ತೆರೆದ ಜೀಪು, ಮಲೆನಾಡಿನ ಮಳೆ. ಚರ್ಮ ನೀರು ಕುಡಿದು ಬಿರುಕಿನ ಮೇಲೆ ಕುಳಿತರೆ ಒಳಗಿನ ಉಕ್ಕು ಯಾರ ಕಣ್ಣಿಗೂ ಬೀಳದಂತೆ ಕೊಳೆಯುತ್ತದೆ. ಬಿರುಕನ್ನು ಮೊದಲು ಮುಚ್ಚಿ, ಆ ಬಳಿಕ ಬೇಕಿದ್ದರೆ ಚರ್ಮ. ಅದೂ ದಾರ ಬಿಗಿಯಾಗಿ, ಎಲ್ಲಿಯೂ ಜಾರದಂತೆ ಇರಬೇಕು. ತಿರುವಿನಲ್ಲಿ ಕವರು ಕೈಯೊಂದಿಗೆ ಸುತ್ತಿ ಚಕ್ರ ಹಿಂದೆ ಉಳಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಹುಬ್ಬಳ್ಳಿಯ ಹಳೇ ಫಿಟ್ಟರ್

ಚಕ್ರವನ್ನು ಗಾಡಿಯಿಂದ ಬಿಚ್ಚುವ ವಿಷಯವನ್ನು ಯಾರೂ ಎತ್ತಲಿಲ್ಲ. ದುರಸ್ತಿಗಿಂತ ಹೆಚ್ಚು ಹಾನಿ ಅಲ್ಲಿಯೇ ಆಗುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಮುಂದಿನ ಚಕ್ರಗಳನ್ನು ನೇರ ನಿಲ್ಲಿಸಿ, ಬ್ಯಾಟರಿಯ ಒಂದು ತಂತಿ ಬಿಚ್ಚಿಡಿ. ಈ ಜೀಪಿನಲ್ಲಿ ಹಾರ್ನಿನ ತಂತಿ ಸ್ಟೇರಿಂಗಿನ ಕೊಳವೆಯೊಳಗಿಂದಲೇ ಮೇಲೆ ಬರುತ್ತದೆ. ನಡುವಿನ ಬಟನ್ನು, ಅದರ ಕೆಳಗಿನ ಸ್ಪ್ರಿಂಗು, ಬಟ್ಟಲು, ಇವುಗಳನ್ನು ತೆಗೆಯುವಾಗ ಯಾವುದರ ಮೇಲೆ ಯಾವುದಿತ್ತೆಂದು ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೆಗೆದಿಟ್ಟುಕೊಳ್ಳಿ. ಆ ಬಳಿಕ ಸ್ಟೇರಿಂಗ್ ದಂಡದ ತುದಿಗೂ ಚಕ್ರದ ಗುಂಬಕ್ಕೂ (ನಡುವಿನ ಲೋಹದ ಭಾಗಕ್ಕೂ) ಸೇರುವಂತೆ ಒಂದು ಗೆರೆ ಕೊರೆಯಿರಿ. ಆ ಗೆರೆಯಿಲ್ಲದೆ ಮತ್ತೆ ಜೋಡಿಸಿದರೆ ಗಾಡಿ ನೇರ ಹೋಗುವಾಗ ಕಡ್ಡಿಗಳು ವಾರೆಯಾಗಿ ನಿಲ್ಲುತ್ತವೆ.

ನಟ್ಟನ್ನು ಪೂರ್ತಿ ತೆಗೆಯಬೇಡಿ. ನಾಲ್ಕೈದು ಸುತ್ತು ಸಡಿಲಿಸಿ ಹಾಗೆಯೇ ಬಿಡಿ. ಚಕ್ರ ಫಟ್ಟನೆ ಬಿಟ್ಟಾಗ ಮುಖಕ್ಕೆ ಬಡಿಯದಂತೆ ಅದೇ ತಡೆಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಹನಿ ಬಿಟ್ಟು, ಮರುದಿನ ಪುಲ್ಲರ್ (ಚಕ್ರವನ್ನು ಎಳೆದು ತೆಗೆಯುವ ಕೊಕ್ಕೆಯ ಉಪಕರಣ) ಹಾಕಿ ನಿಧಾನವಾಗಿ ಎಳೆಯಿರಿ. ಪುಲ್ಲರಿನ ಕೊಕ್ಕೆ ಗುಂಬದ ಲೋಹಕ್ಕೆ ಕೂರಬೇಕು, ಕಡ್ಡಿಗೂ ಹೊದಿಕೆಗೂ ತಾಗಬಾರದು.

ಸುತ್ತಿಗೆ ಮಾತ್ರ ಬೇಡ. ಜೀಪಿನದು ರಾಸ್ ಮಾದರಿಯ ಸ್ಟೇರಿಂಗ್ ಬಾಕ್ಸು, ಅಂದರೆ ಚಕ್ರದ ತಿರುವನ್ನು ಮುಂದಿನ ಗಾಲಿಗಳ ಕಡೆಗೆ ದಾಟಿಸುವ ಪೆಟ್ಟಿಗೆ. ದಂಡದ ಮೇಲೆ ಹೊಡೆದ ಪ್ರತಿ ಏಟೂ ನೇರವಾಗಿ ಅದರೊಳಗೆ ತಿರುಗುವ ಕ್ಯಾಮಿನ ಬೇರಿಂಗುಗಳಿಗೆ ಇಳಿಯುತ್ತದೆ. ಚಕ್ರ ಉಳಿಸಲು ಹೋಗಿ ಬಾಕ್ಸು ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಸಕಲೇಶಪುರ ಘಾಟಿ

ಫಿಟ್ಟರಣ್ಣ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಜೀಪಿನ ಚಕ್ರವನ್ನು ಒಂದು ವರ್ಕ್‌ಶಾಪಿನಲ್ಲಿ ಮರದ ತುಂಡು ಕೊಟ್ಟು ಹೊಡೆದು ತೆಗೆದರು. ಆಮೇಲೆ ಸ್ಟೇರಿಂಗಿನಲ್ಲಿ ಮೂರು ಬೆರಳಿನಷ್ಟು ಆಟ (ಗಾಲಿ ತಿರುಗದ ಸಡಿಲ) ಬಂತು. ಬಾಕ್ಸು ಬಿಚ್ಚಿ ಬೇರಿಂಗು ಹಾಕಿಸುವವರೆಗೆ ಘಾಟಿಯಲ್ಲಿ ಇಳಿಯುವಾಗಲೆಲ್ಲ ನನ್ನ ಅಂಗೈ ಬೆವರುತ್ತಿತ್ತು.

ಅಂಬಾಸಿಡರ್ ಮಾರ್ಕ್ 2

ಮಾತು ಕೊಟ್ಟಂತೆ ಬಿರುಕು ತುಂಬುವ ಕ್ರಮ ಬರೆಯುತ್ತಿದ್ದೇನೆ.

ಹಲವರು ಮಾಡುವ ತಪ್ಪೆಂದರೆ ಬಿರುಕಿನ ಮೇಲೆ ಪುಟ್ಟಿಯನ್ನು ಬಳಿದು ಉಜ್ಜಿ ಬಣ್ಣ ಹೊಡೆಯುವುದು. ಎರಡು ತಿಂಗಳಿಗೆ ಅದೇ ಗೆರೆ ಮತ್ತೆ ಮೂಡುತ್ತದೆ. ಬಿರುಕನ್ನು ಮುಚ್ಚುವುದಕ್ಕೆ ಮುಂಚೆ ಅದನ್ನು ಅಗಲ ಮಾಡಬೇಕು. ಇದು ಮನಸ್ಸಿಗೆ ಕಷ್ಟ ಕೊಡುವ ಕೆಲಸ, ಆದರೆ ಬೇರೆ ದಾರಿಯಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಉಕ್ಕು ತಾಗುವವರೆಗೆ ಸೀಳಿ, ಆಮೇಲೆ ಮೂರು ಮೂಲೆಯ ಅರದಿಂದ ಮೇಲ್ಗಡೆ ಐದಾರು ಮಿಲಿಮೀಟರ್ ಅಗಲವಾಗುವಂತೆ ಕಾಲುವೆ ತೋಡಬೇಕು. ಆ ಕಾಲುವೆಯ ತಳದಲ್ಲಿ ಎರಡೂ ಬದಿಗೆ ಸ್ವಲ್ಪ ಒಳಗೆ ಕೊರೆದರೆ ಪುಟ್ಟಿ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಉಕ್ಕಿನ ಮೇಲಿನ ತುಕ್ಕನ್ನು ಹೊಳೆಯುವವರೆಗೆ ಕೆರೆದು, ಸ್ಪಿರಿಟಿನಿಂದ ಒರೆಸಿ, ಆಮೇಲೆ ಕೈ ತಾಗಿಸಬಾರದು. ಬೆರಳಿನ ಜಿಡ್ಡು ಸಾಕು, ತುಂಬುವ ಎಪಾಕ್ಸಿ ಅಂಟು ಹಿಡಿಯುವುದಿಲ್ಲ.

ತುಂಬಲು ಎರಡು ಭಾಗ ಬೆರೆಸುವ ಎಪಾಕ್ಸಿಯೇ ಬೇಕು. ಬಾಡಿ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ಪುಟ್ಟಿ ಬೇಗ ಒಣಗುತ್ತದೆ, ಉಜ್ಜಲು ಸುಲಭ, ಆದರೆ ಪೆಡಸು, ಇಲ್ಲಿ ನಿಲ್ಲುವುದಿಲ್ಲ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಯೂ ಬೇಡ, ನಿಧಾನವಾಗಿ ಗಟ್ಟಿಯಾಗುವುದು ಹೆಚ್ಚು ಬಲವಾಗಿರುತ್ತದೆ. ಮೈಮಟ್ಟಕ್ಕಿಂತ ಸ್ವಲ್ಪ ಎತ್ತರವಾಗಿ ತುಂಬಿ ಕನಿಷ್ಠ 24 ಗಂಟೆ ಬಿಡಿ. ಮೊದಲು ಅರದಿಂದ ಆಕಾರಕ್ಕೆ ತಂದು, 120, 220, 400, 600 ಹೀಗೆ ಎಮರಿ ಕಾಗದದ ನಂಬರನ್ನು ಏರಿಸುತ್ತಾ ಹೋಗಿ, ನಂಬರು ಏರಿದಷ್ಟೂ ಕಾಗದ ನಯ. ಕಾಗದವನ್ನು ರಿಮ್ಮಿನ ಸುತ್ತ ಪಟ್ಟಿಯಂತೆ ಸುತ್ತಿ, ಬೂಟಿಗೆ ಪಾಲಿಷ್ ಹಾಕುವಂತೆ ಎಳೆದರೆ ದುಂಡು ಕೆಡುವುದಿಲ್ಲ.

ನಾನು ಮಾಡಿದ್ದು 2016ರಲ್ಲಿ. ಎಂಟು ಬಿರುಕುಗಳಲ್ಲಿ ಏಳು ಇಂದಿಗೂ ಹಾಗೆಯೇ ನಿಂತಿವೆ. ಮತ್ತೆ ಬಾಯಿ ಬಿಟ್ಟದ್ದು ಎಂಟನೆಯದು ಮಾತ್ರ. ಅಲ್ಲಿ ತುಕ್ಕು ಪೂರ್ತಿ ತೆಗೆಯದೆ ಆತುರಪಟ್ಟಿದ್ದೆ.

ರಸಾಯನದ ಮೇಷ್ಟ್ರು

ಇದಕ್ಕೆ ಎರಡು ಮಾತು ಸೇರಿಸಬೇಕು. ಮೊದಲನೆಯದು, ತುಂಬುವ ಹೊತ್ತು. ಚಳಿಯಲ್ಲಿ ಹೊದಿಕೆ ಕುಗ್ಗಿ ಬಿರುಕು ಬಾಯಿ ತೆರೆದಿರುತ್ತದೆ, ಬಿಸಿಲಿನಲ್ಲಿ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಯಲ್ಲಿ ತುಂಬಿದರೆ ರಾತ್ರಿ ಕುಗ್ಗುವಾಗ ಹೊದಿಕೆ ಪುಟ್ಟಿಯಿಂದ ಕಿತ್ತುಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದರೆ ಬಿಸಿಲೇರಿದಾಗ ಎರಡೂ ಬದಿಗಳು ಅದನ್ನು ಒತ್ತಿ ಹಿಡಿಯುತ್ತವೆ. ಎಪಾಕ್ಸಿ ಎಳೆತಕ್ಕಿಂತ ಒತ್ತಡವನ್ನು ಚೆನ್ನಾಗಿ ತಾಳುತ್ತದೆ.

ಎರಡನೆಯದು, ಋತು. ಕೊಪ್ಪದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಗಟ್ಟಿಯಾಗುತ್ತಿರುವ ಎಪಾಕ್ಸಿಯ ಮೇಲೆ ಮೇಣದಂತೆ ಜಾರುವ ಪೊರೆ ಕಟ್ಟುತ್ತದೆ, ಅದರ ಮೇಲೆ ಹಚ್ಚಿದ ಇನ್ನೊಂದು ಪದರವಾಗಲಿ ಬಣ್ಣವಾಗಲಿ ನಿಲ್ಲುವುದಿಲ್ಲ. ದೀಪಾವಳಿ ಕಳೆದು ಒಣಹವೆ ಬರಲಿ. ಆಗಲೂ ಉಜ್ಜುವ ಮುಂಚೆ ತುಂಬಿದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿಕೊಳ್ಳಿ.

ಪೆನ್ನು ಪ್ರಿಯ, ಮೈಸೂರು

ನನಗೆ ಜೀಪಿನ ಗಂಧಗಾಳಿ ಇಲ್ಲ, ಎಬೊನೈಟಿನ ಪರಿಚಯವಿದೆ. ರಾಜಮಹೇಂದ್ರವರಂ ಕಡೆಯ ಕೈಕಡೆತದ ಎಬೊನೈಟ್ ಪೆನ್ನುಗಳನ್ನು ಇಪ್ಪತ್ತು ವರ್ಷದಿಂದ ಸಂಗ್ರಹಿಸುತ್ತಿದ್ದೇನೆ. ಕಂದಾದ ಎಬೊನೈಟಿಗೆ ಬಣ್ಣ ಹೊಡೆಯುವ ಅಗತ್ಯವೇ ಇಲ್ಲ. ಬಣ್ಣ ಹೋಗಿರುವುದು ಕೂದಲೆಳೆಯಷ್ಟು ತೆಳುವಾದ ಮೇಲ್ಪದರದಲ್ಲಿ ಮಾತ್ರ. ಅದರ ಕೆಳಗೆ ಕಡುಗಪ್ಪು ಹಾಗೆಯೇ ಇರುತ್ತದೆ. 800ರಿಂದ ಆರಂಭಿಸಿ 2000ದವರೆಗೆ ನಯವಾದ ಕಾಗದದಿಂದ ಉಜ್ಜಿ, ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ಪಾಲಿಷ್ ಮಾಡಿದರೆ ಕರಿಕಲ್ಲಿನ ವಿಗ್ರಹಕ್ಕೆ ಎಣ್ಣೆ ಸವರಿದಂತೆ ಹೊಳೆಯುತ್ತದೆ.

ಹಾಗಾದರೆ ಪುಟ್ಟಿಯ ಬೂದು ಬಣ್ಣ ಎದ್ದು ಕಾಣುವುದಿಲ್ಲವೇ ಎಂದು ಕೇಳಬಹುದು. ಪಾರದರ್ಶಕ ಎಪಾಕ್ಸಿಗೆ ಒಣಗಿದ ದೀಪದ ಮಸಿಯನ್ನು ಬೆರೆಸಿದರೆ ಅದೂ ಕಪ್ಪಾಗುತ್ತದೆ. ಮನೆಯಲ್ಲಿ ತುಪ್ಪ ಹಾಕಿ ಮಾಡಿದ ಕಾಡಿಗೆ ಬೇಡ, ಜಿಡ್ಡಿರುವುದರಿಂದ ಎಪಾಕ್ಸಿ ಗಟ್ಟಿಯಾಗುವುದಿಲ್ಲ. ಒಣ ಮಸಿ, ಅದೂ ಚಿಟಿಕೆಯಷ್ಟು.

ಅಂಬಾಸಿಡರ್ ಮಾರ್ಕ್ 2

ಮಸಿ ಬೆರೆಸುವುದು ಒಳ್ಳೆಯ ಉಪಾಯ. ಆದರೆ ಬಣ್ಣವಿಲ್ಲದ ಎಬೊನೈಟ್ ತೆರೆದ ಜೀಪಿನಲ್ಲಿ ಎಷ್ಟು ದಿನ ಕಪ್ಪಾಗಿರುತ್ತದೆ? ಪೆನ್ನು ಜೇಬಿನಲ್ಲಿರುತ್ತದೆ, ಜೀಪು ಅಂಗಳದಲ್ಲಿರುತ್ತದೆ. ಪ್ರೈಮರ್ ಹೊಡೆದು, ಮೇಲೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಹೊಡೆದರೆ ಹತ್ತು ವರ್ಷ ಚಿಂತೆಯಿಲ್ಲ.

ಪೇಂಟ್ ಬೂತ್, ತುಮಕೂರು

ಆ ಬಣ್ಣವನ್ನು ಮನೆಯಲ್ಲಿ ಹೊಡೆಯಲು ಯಾರಿಗೂ ಸಲಹೆ ಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಸಿಂಪಡಿಸಿದಾಗ ಉಸಿರಿನೊಂದಿಗೆ ಒಳಗೆ ಹೋದರೆ ಬಿಡದ ಉಬ್ಬಸ ಬರುತ್ತದೆ, ಒಮ್ಮೆ ಒಗ್ಗದೆ ಹೋದ ಮೈಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಆಗುವುದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡವೇ ಬೇಕು. ನನ್ನೊಂದಿಗೆ ಕೆಲಸ ಕಲಿತವರೊಬ್ಬರು ಇದೇ ಕಾರಣಕ್ಕೆ ಈ ಉದ್ಯೋಗವನ್ನೇ ಬಿಡಬೇಕಾಯಿತು. ಬಣ್ಣವೇ ಬೇಕಿದ್ದರೆ ಬೂತ್ ಇರುವವರಿಗೆ ಕೊಡಿ.

ಉಜ್ಜುವಾಗಲೂ ಎಚ್ಚರ ಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಬೇಕಲೈಟಿನ ಕೆಲವು ಮಿಶ್ರಣಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರುತ್ತಿತ್ತು. ಕಾಗದವನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಉಜ್ಜಿದರೆ ಧೂಳು ಏಳುವುದಿಲ್ಲ.

ಯಶವಂತಪುರ 560022

ನೀರು ತಾಗಿಸಬಾರದೆಂದು ಮೇಷ್ಟ್ರು, ಒದ್ದೆ ಮಾಡಿ ಉಜ್ಜಿ ಎಂದು ಇವರು. ಓದುವವರು ಯಾರ ಮಾತು ಕೇಳಬೇಕು?

ರಸಾಯನದ ಮೇಷ್ಟ್ರು

ಪ್ರಶ್ನೆ ನ್ಯಾಯವಾದದ್ದು. ನೆನೆಸಿಡುವುದು ಮತ್ತು ಬಿಸಿನೀರು ಕೂಡದು ಎಂಬುದು ನನ್ನ ಮಾತಿನ ತಿರುಳು. ತಣ್ಣೀರಿನಲ್ಲಿ ಒದ್ದೆ ಮಾಡಿದ ಕಾಗದದಿಂದ ಉಜ್ಜಿ ಕೂಡಲೇ ಒರೆಸಿದರೆ ತೊಂದರೆಯಿಲ್ಲ, ಹೇಗೂ ಆ ಮೇಲ್ಪದರವೇ ಹೋಗುತ್ತದೆ. ಉಕ್ಕು ತೆರೆದಿರುವ ಬಿರುಕುಗಳನ್ನು ತುಂಬಿ ಮುಗಿಸಿದ ಮೇಲೆಯೇ ಒದ್ದೆ ಉಜ್ಜುವಿಕೆ ನಡೆಯಲಿ.

ಒಹಾಯೊದ ಕನ್ನಡಿಗ

ನಾನಿರುವುದು ಅಮೆರಿಕದ ಟೊಲೀಡೊ ಹತ್ತಿರ, ಮಹೀಂದ್ರ ಜೀಪುಗಳಿಗೆ ಮೂಲವಾದ ವಿಲ್ಲೀಸ್ ಜೀಪುಗಳು ಹುಟ್ಟಿದ ಊರು. 1953ರಲ್ಲಿ ಸಿಜೆ-3ಬಿ ಹೊರಬಂದದ್ದೂ ಇಲ್ಲಿಂದಲೇ. ಇಲ್ಲಿನ ಹಳೆಯ ಜೀಪುಗಳಲ್ಲಿಯೂ ಕಡ್ಡಿಯ ಬುಡದಲ್ಲಿಯೇ ಬಿರುಕು. ಅಲ್ಲಿ ಮಳೆ ಮಾಡಿದ ಕೆಲಸವನ್ನು ಇಲ್ಲಿ ಹಿಮ ಮಾಡುತ್ತದೆ. ಹೊದಿಕೆ ಪೂರ್ತಿ ಉದುರಿಹೋದರೆ ಹಳೆಯ ಉಕ್ಕಿನ ಬಳೆಯನ್ನು ಸಿಲಿಕೋನ್ ಅಚ್ಚಿನಲ್ಲಿಟ್ಟು ಸುತ್ತಲೂ ಹೊಸ ರಾಳ ಎರೆದು ಕೊಡುವವರಿದ್ದಾರೆ, ಆದರೆ ಬಹಳ ದುಬಾರಿ. ಆರೇ ಬಿರುಕುಗಳಿರುವ ಚಕ್ರವನ್ನು ಯಾರೂ ಎಸೆಯುವುದಿಲ್ಲ.

ಶಿರಸಿ ಹೆಗಡೆ ಮನೆ

ಒಂದು ಕಾನೂನಿನ ಪ್ರಶ್ನೆ. ಚಕ್ರವನ್ನು ಬದಲಾಯಿಸಿದರೆ ವಿಂಟೇಜ್ ನೋಂದಣಿಗೆ ಅಡ್ಡಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಹೌದೇ? ಜೊತೆಗೆ 1968ರ ಗಾಡಿಯನ್ನು ವಿಂಟೇಜ್ ಎನ್ನುವುದೇ ತಪ್ಪು, ಅದು ಕ್ಲಾಸಿಕ್ ಅಲ್ಲವೇ?

ವಕೀಲರು, ಹಾಸನ

ಸಂಗ್ರಹಕಾರರ ಮಾತಿನಲ್ಲಿ ವಿಂಟೇಜ್ ಎಂದರೆ ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನವು, ಅದು ಸರಿ. ಆದರೆ ಕೇಂದ್ರ ಸಾರಿಗೆ ಸಚಿವಾಲಯವು 2021ರ ಜುಲೈಯಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯದಲ್ಲದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳೆಲ್ಲವೂ ವಿಂಟೇಜ್. ಮೂಲ ರೂಪ ಎಂಬುದಕ್ಕೆ ನಿಯಮವು ಹೆಸರಿಸುವುದು ಚಾಸಿ, ಬಾಡಿಯ ಚಿಪ್ಪು ಮತ್ತು ಎಂಜಿನ್ನಿನಲ್ಲಿ ಆಗುವ ಗಣನೀಯ ಬದಲಾವಣೆಗಳನ್ನು. ಸ್ಟೇರಿಂಗಿನ ಹೊದಿಕೆಯ ಬಿರುಕು ತುಂಬಿದ್ದಕ್ಕೆ ಯಾರೂ ಆಕ್ಷೇಪ ಎತ್ತಲಾರರು ಎಂಬುದು ನನ್ನ ಅಭಿಪ್ರಾಯ.

ಆದರೆ ತೋಟಗಾರರು ಇದನ್ನು ಗಮನಿಸಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕಲ್ಲದೆ ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ತೋಟದಿಂದ ಪೇಟೆಗೆ ದಿನವೂ ಓಡಿಸುವ ಆಸೆಯಿದ್ದರೆ ಆ ದಾರಿ ನಿಮಗಲ್ಲ.

ಕೊಪ್ಪದ ತೋಟಗಾರ

ಓಡಿಸುವ ಆಸೆಯೇ ಇರುವುದು. ಹಾಗಾದರೆ ಈಗಿರುವ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತೇನೆ.

ಹುಬ್ಬಳ್ಳಿಯ ಹಳೇ ಫಿಟ್ಟರ್

ಓಡಿಸುವುದಾದರೆ ಒಂದು ಪರೀಕ್ಷೆ ಕಡ್ಡಾಯ. ಚಕ್ರ ಬಿಚ್ಚಿದ ಮೇಲೆ, ಪುಟ್ಟಿ ಹಾಕುವ ಮುಂಚೆ, ಗುಂಬವನ್ನು ವೈಸಿಗೆ (ಮೇಜಿಗೆ ಕೂರಿಸಿದ ಬಿಗಿಹಿಡಿಗೆ) ಮರದ ಪಟ್ಟಿ ಕೊಟ್ಟು ಬಿಗಿದು ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಮೇಲಕ್ಕೆ ಕೆಳಕ್ಕೆ ಬಗ್ಗಿಸಿ ನೋಡಿ. ಎಲ್ಲಿಯಾದರೂ ಕಟಕಟ ಎಂದರೆ, ಕಡ್ಡಿಯ ಬುಡದ ವೆಲ್ಡಿಂಗಿನಲ್ಲಿ ಕೂದಲಿನಂಥ ಗೆರೆ ಕಂಡರೆ, ಅಥವಾ ತುಕ್ಕು ಕೆರೆದಾಗ ಉಕ್ಕು ಹಾಳೆಹಾಳೆಯಾಗಿ ಎದ್ದುಬಂದರೆ ಆ ಚಕ್ರವನ್ನು ಗೋಡೆಗೆ ತೂಗುಹಾಕಿ, ಗಾಡಿಗೆ ಹೊಸದನ್ನು ಹಾಕಿ. ಯಶವಂತಪುರದವರ ಕಾಳಜಿ ಅಷ್ಟರ ಮಟ್ಟಿಗೆ ಸರಿಯಾಗಿಯೇ ಇದೆ.

ಯಶವಂತಪುರ 560022

ಅದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಪರೀಕ್ಷೆಯಲ್ಲಿ ಪಾಸಾದರೆ ನನ್ನ ತಕರಾರಿಲ್ಲ.

ಕೊಪ್ಪದ ತೋಟಗಾರ

ನಾಲ್ಕು ತಿಂಗಳ ಬಳಿಕ ಬರೆಯುತ್ತಿದ್ದೇನೆ. ಕೆಲಸ ಮುಗಿದಿದೆ.

ಪುಲ್ಲರನ್ನು ಬಾಡಿಗೆಗೆ ತಂದು, ಎರಡು ದಿನ ಎಣ್ಣೆ ಬಿಟ್ಟು ಎಳೆದಾಗ ಚಕ್ರ ಸದ್ದಿಲ್ಲದೆ ಬಂತು. ಫಿಟ್ಟರಣ್ಣ ಹೇಳಿದಂತೆ ವೈಸಿನಲ್ಲಿ ಕಟ್ಟಿ ತಿರುಚಿ ನೋಡಿದೆ, ಭೂತಗನ್ನಡಿಯಲ್ಲಿ ಮೂರೂ ವೆಲ್ಡಿಂಗುಗಳನ್ನು ನೋಡಿದೆ, ನಮ್ಮ ಮೆಕ್ಯಾನಿಕ್ಕಿಗೂ ತೋರಿಸಿದೆ. ಉಕ್ಕಿನ ಮೈಮೇಲೆ ಮಾತ್ರ ತುಕ್ಕಿತ್ತು. ಕೆರೆದಾಗ ಗಟ್ಟಿ ಲೋಹ ಸಿಕ್ಕಿತು. ಹೊಸ ಚಕ್ರ ತರಿಸಿ ಎಂದಿದ್ದ ಅವರೇ ಆಮೇಲೆ ಎರಡು ಭಾನುವಾರ ಬಂದು ಕಾಲುವೆ ತೋಡಲು ಜೊತೆಗೆ ಕುಳಿತರು.

ಗೋಧಿ ಹಿಟ್ಟಿನ ಉಪಾಯ ಅದ್ಭುತವಾಗಿ ಕೆಲಸ ಮಾಡಿತು. ನಾನು ಪೆಟ್ರೋಲ್ ಹಾಕಿದ್ದ ಮೂಲೆಯಲ್ಲಿ ಮಾತ್ರ ಮೈ ಇನ್ನೂ ಸ್ವಲ್ಪ ಒರಟಾಗಿದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ, ಇಬ್ಬನಿ ತಾಗದಂತೆ ಒಳಗಿನ ಕೋಣೆಯಲ್ಲಿ, ದೀಪದ ಮಸಿ ಬೆರೆಸಿದ ಎಪಾಕ್ಸಿಯನ್ನು ತುಂಬಿದೆವು. ಬೆಳಗಿನಲ್ಲಿ ಬಿರುಕುಗಳು ನಿಜಕ್ಕೂ ಹೆಚ್ಚು ಬಾಯಿ ತೆರೆದಿದ್ದವು; ಮಧ್ಯಾಹ್ನ ನಾಣ್ಯ ಬಿಗಿಯಾಗಿ ಕೂರುತ್ತಿದ್ದ ಜಾಗದಲ್ಲಿ ಬೆಳಿಗ್ಗೆ ಅದು ಅಲುಗಾಡುತ್ತಿತ್ತು. ದೊಡ್ಡ ಬಿರುಕಿಗೆ ಎರಡು ಸಲ ತುಂಬಬೇಕಾಯಿತು.

ಬಣ್ಣ ಹೊಡೆಯಲಿಲ್ಲ. ಪೆನ್ನು ಪ್ರಿಯರ ಮಾತಿನಂತೆ ಉಜ್ಜುತ್ತಾ ಹೋದಾಗ ಕಂದು ಪದರದ ಕೆಳಗಿಂದ ಕಪ್ಪು ಎದ್ದು ಬಂತು, ನೋಡಿ ಕಣ್ಣು ತುಂಬಿತು. ಮೇಲೆ ಮೇಣದ ತೆಳುಪದರ ಹಚ್ಚಿದ್ದೇನೆ, ಬಿಸಿಲಿಗೆ ನಿಲ್ಲಿಸಿದಾಗ ಹಳೆಯ ಕಂಬಳಿ ತುಂಡೊಂದನ್ನು ಹೊದಿಸುತ್ತೇನೆ. ತುಂಬಿದ ಜಾಗಗಳು ಹತ್ತಿರದಿಂದ ನೋಡಿದರೆ ತಿಳಿಯುತ್ತವೆ, ಕೈಗೆ ತಿಳಿಯುವುದಿಲ್ಲ. ರಿಮ್ಮಿನ ಹಿಂಬದಿಯಲ್ಲಿ ಬೆರಳು ಕೂರುವ ಉಬ್ಬುತಗ್ಗುಗಳು ಒಂದು ಕಡೆ ಸವೆದು ಮಟ್ಟಸವಾಗಿದ್ದವು. ಅವನ್ನು ತುಂಬದೆ ಹಾಗೆಯೇ ಬಿಟ್ಟೆ.

ಈವರೆಗೆ ಸುಮಾರು 600 ಕಿಲೋಮೀಟರ್ ಓಡಿಸಿದ್ದೇನೆ, ಆಗುಂಬೆ ಘಾಟಿಯನ್ನು ಒಮ್ಮೆ ಇಳಿದು ಹತ್ತಿದ್ದೇನೆ. ಬಲಗಡೆಯ ಕಡ್ಡಿಯ ಬುಡದಲ್ಲಿ ಒಂದು ಕೂದಲೆಳೆಯ ಗೆರೆ ಮತ್ತೆ ಕಾಣಿಸಿದೆ. ಅದನ್ನು ಈಗಲೇ ಬಿಡಿಸಿ ತುಂಬಬೇಕೇ, ಮಳೆಗಾಲ ಕಳೆಯುವವರೆಗೆ ಕಾಯಬಹುದೇ?

ಅಂಬಾಸಿಡರ್ ಮಾರ್ಕ್ 2

ಮಳೆಗೆ ಮುಂಚೆಯೇ ಮಾಡಿ. ಅಲ್ಲಿಂದ ನೀರು ಇಳಿದರೆ ಉಳಿದ ಐದಕ್ಕೂ ಹಬ್ಬುತ್ತದೆ. ಈ ಸಲ ಕಡ್ಡಿಯ ಕೆಳಮೈಯನ್ನೂ ಒಂದು ಇಂಚು ಬಿಡಿಸಿ ನೋಡಿ, ತುಕ್ಕು ಅಲ್ಲಿ ಉಳಿದಿರಬಹುದು.

ಧಾರವಾಡದ ಪದ್ಮಿನಿ

ಉಜ್ಜಿದ ಮೇಲಿನ ಚಿತ್ರ ಹಾಕಿರಿ ತೋಟಗಾರರೇ, ಸವೆದ ಆ ಬೆರಳಿನ ಗುರುತುಗಳದ್ದೂ.